ಮೂತಿ ಎತ್ತಿಕೊಂಡು ನಿಧಾನಕ್ಕೆ ಹೋದ ಜೆಟ್ ಬೀಳಲಿಲ್ಲ ಯಾಕೆ? ಏರ್ ಶೋ ನೋಡುವ ಬಗೆ

ಪ್ರಶ್ನೆ: 2025ರ ಫೆಬ್ರವರಿಯಲ್ಲಿ ಮಗಳನ್ನು ಕರೆದುಕೊಂಡು ಯಲಹಂಕದ ಏರೋ ಇಂಡಿಯಾಕ್ಕೆ ಹೋಗಿದ್ದೆ. ಅವಳಿಗೆ ಆಗ ಹತ್ತು ವರ್ಷ. ಟಿಕೆಟ್ ತೆಗೆದುಕೊಂಡು, ಬಿಸಿಲಲ್ಲಿ ನಿಂತು, ಕೊನೆಗೆ ನೋಡಿದ್ದೇನೆಂದರೆ ಒಂದಷ್ಟು ಚುಕ್ಕಿ, ಒಂದಷ್ಟು ಹೊಗೆ. ಸದ್ದು ಬಂದ ಕಡೆ ತಲೆ ಎತ್ತಿದರೆ ಅಲ್ಲಿ ವಿಮಾನವೇ ಇರುತ್ತಿರಲಿಲ್ಲ. ಒಂದು ಜೆಟ್ ಮಾತ್ರ ಮೂತಿಯನ್ನು ಮೇಲಕ್ಕೆತ್ತಿಕೊಂಡು ತೀರಾ ನಿಧಾನವಾಗಿ ನಮ್ಮೆದುರು ಹಾದುಹೋಯಿತು. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದು, "ಅಪ್ಪಾ, ಅದು ಬೀಳ್ತಾ ಇದೆಯಾ?" ಅಂದಳು. ಏನು ಹೇಳಬೇಕೋ ತಿಳಿಯಲಿಲ್ಲ. ಮುಂದಿನ ಸಲ ಹೋದಾಗ ಏನನ್ನು ನೋಡಬೇಕು, ಹೇಗೆ ನೋಡಬೇಕು, ಎಲ್ಲಿ ನಿಲ್ಲಬೇಕು? ಮಕ್ಕಳನ್ನು ಕರೆದುಕೊಂಡು ಹೋಗುವುದರಲ್ಲಿ ಅಪಾಯವಿಲ್ಲವೇ?
(ಅರಸೀಕೆರೆಯ ಒಬ್ಬ ಶಾಲಾ ಶಿಕ್ಷಕರು)

ಉತ್ತರ: ಮೇಷ್ಟ್ರೇ, ಆ ದಿನ ಆ ಮೈದಾನದಲ್ಲಿ ಕೇಳಬಹುದಾಗಿದ್ದ ಪ್ರಶ್ನೆಗಳಲ್ಲೆಲ್ಲ ಒಳ್ಳೆಯದನ್ನು ನಿಮ್ಮ ಮಗಳೇ ಕೇಳಿದ್ದಾಳೆ. ವಾಯುಪಡೆಯಲ್ಲಿ ಜೆಟ್ ಇಂಜಿನ್‌ಗಳ ಕೆಲಸ ಮಾಡಿಕೊಂಡು ಇಪ್ಪತ್ತು ವರ್ಷ ಕಳೆದವನು ನಾನು. ಇವತ್ತಿಗೂ ಯಾವುದೇ ಪ್ರದರ್ಶನದಲ್ಲಿ ನಾನು ಉಸಿರು ಬಿಗಿಹಿಡಿದು ನೋಡುವುದು ಆ ನಿಧಾನದ ಹಾರಾಟವನ್ನೇ. ಕಿವಿ ಹರಿಯುವ ಹಾಗೆ ಸದ್ದು ಮಾಡುತ್ತ ನೆತ್ತಿಯ ಮೇಲೆ ಹಾದುಹೋಗುವ ಜೆಟ್‌ನಲ್ಲಿ ಪೈಲಟ್‌ನ ಕಷ್ಟ ಅಷ್ಟಿರುವುದಿಲ್ಲ. ನಿಮಗೆ ಸಪ್ಪೆಯಾಗಿ ಕಂಡ ನಿಧಾನದಲ್ಲೇ ಅವನ ಕೈಚಳಕ ಇರುವುದು.

ಊರ ಶಾಲೆಯ ಆಟೋಟದಲ್ಲಿ ಸ್ಲೋ ಸೈಕಲ್ ರೇಸ್ ನಡೆಸಿರುತ್ತೀರಿ. ಕೊನೆಗೆ ಬಂದವನು ಗೆದ್ದ, ಕಾಲು ನೆಲಕ್ಕೆ ತಾಗಿದವನು ಔಟ್. ಜೋರಾಗಿ ತುಳಿಯುವಾಗ ಸೈಕಲ್ ತಾನಾಗಿಯೇ ನೆಟ್ಟಗೆ ಹೋಗುತ್ತದೆ. ನಿಧಾನವಾದಷ್ಟೂ ಹ್ಯಾಂಡಲ್ ಅತ್ತಿತ್ತ ತಿರುಗುತ್ತಲೇ ಇರಬೇಕು. ಮೂತಿ ಎತ್ತಿಕೊಂಡು ಹಾದುಹೋದ ಆ ಜೆಟ್ ಆಡುತ್ತಿದ್ದುದು ಇದೇ ಆಟ, ನೆಲದಿಂದ ಕೆಲವೇ ನೂರು ಅಡಿ ಮೇಲೆ.

ಅದು ಯಾವ ವಿಮಾನವೆಂದು ನೀವು ಬರೆದಿಲ್ಲ. ತೇಜಸ್ ಇರಬಹುದು, ಸುಖೋಯ್-30 ಇರಬಹುದು. ಯಾವುದಾದರೂ ಒಳಗಿನ ಲೆಕ್ಕ ಒಂದೇ. ರೆಕ್ಕೆಗೆ ಎದುರುಗಾಳಿ ಬಡಿಯುವ ಕೋನದ ಮೇಲೆ ಅದು ವಿಮಾನವನ್ನು ಎಷ್ಟು ಎತ್ತಿ ಹಿಡಿಯುತ್ತದೆ ಎಂಬುದು ನಿಂತಿದೆ. ಗಾಳಿಪಟಕ್ಕೆ ಸೂತ್ರ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಸೂತ್ರದ ಗಂಟು ಸ್ವಲ್ಪ ಆಚೀಚೆಯಾದರೆ ಪಟದ ಓರೆ ಬದಲಾಗಿ ಅದು ಏರುತ್ತದೆ, ಇಲ್ಲವೇ ಗೋತಾ ಹೊಡೆಯುತ್ತದೆ. ವೇಗವಿದ್ದಾಗ ರೆಕ್ಕೆ ತುಸು ಓರೆಯಾಗಿದ್ದರೂ ಸಾಕು. ವೇಗ ಕಳೆದುಕೊಂಡಷ್ಟೂ ಓರೆ ಹೆಚ್ಚಬೇಕು, ಅಂದರೆ ಮೂತಿ ಮೇಲೇರಬೇಕು. ಮೂತಿ ಏರಿದಷ್ಟೂ ಗಾಳಿಯ ತಡೆಯೂ ಹೆಚ್ಚುತ್ತದೆ. ಆ ತಡೆಯನ್ನು ಮೀರಲು ಇಂಜಿನ್ ಇನ್ನಷ್ಟು ದುಡಿಯಬೇಕು. ಮುಂದಿನ ಸಲ ಮಗಳಿಗೆ ಕಿವಿಗೊಟ್ಟು ಕೇಳಲು ಹೇಳಿ. ವಿಮಾನ ತೆವಳುತ್ತಿರುತ್ತದೆ, ಇಂಜಿನ್ ಮಾತ್ರ ಮೊರೆಯುತ್ತಿರುತ್ತದೆ. ನಿಧಾನಕ್ಕೆ ಹೋಗಲು ಹೆಚ್ಚು ಶಕ್ತಿ ಬೇಕಾಗುವ ಈ ವಿಚಿತ್ರವನ್ನು ಕಣ್ಣು, ಕಿವಿ ಎರಡರಿಂದಲೂ ತಿಳಿಯಬಹುದಾದ ಜಾಗ ಏರ್ ಶೋ ಬಿಟ್ಟರೆ ನನಗೆ ಬೇರೆ ಗೊತ್ತಿಲ್ಲ. ಬೈನಾಕ್ಯುಲರ್ ಇದ್ದರೆ ಬಾಲದ ಕಡೆ ನೋಡಿ. ಸುಖೋಯ್‌ನ ಬಾಲದ ರೆಕ್ಕೆಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ, ಸೈಕಲ್ ಹ್ಯಾಂಡಲ್ ಹಾಗೆ ಮೇಲೆ ಕೆಳಗೆ ಆಡುತ್ತಲೇ ಇರುತ್ತವೆ. ತೇಜಸ್‌ಗೆ ಹೀಗೆ ಅಡ್ಡ ಚಾಚಿದ ಬಾಲದ ರೆಕ್ಕೆಯೇ ಇಲ್ಲ. ಮುಖ್ಯ ರೆಕ್ಕೆಯ ಹಿಂದಂಚಿನ ಪಟ್ಟಿಗಳೇ ಆ ಕೆಲಸ ಮಾಡುತ್ತವೆ. ಪೈಲಟ್ ತನ್ನ ಚಾಲನೆಯ ಕಡ್ಡಿಯನ್ನು ಅಲುಗಿಸದೆ ಹಿಡಿದಿದ್ದರೂ ಕಂಪ್ಯೂಟರ್ ಅವನ್ನು ಸೆಕೆಂಡಿಗೆ ಎಷ್ಟೋ ಬಾರಿ ತಿದ್ದುತ್ತಿರುತ್ತದೆ. ತೇಜಸ್ಸನ್ನು ವಿನ್ಯಾಸ ಮಾಡಿರುವುದೇ ಹಾಗೆ, ಕಂಪ್ಯೂಟರ್ ಕೈಬಿಟ್ಟರೆ ಅದು ತಾನಾಗಿ ನೆಟ್ಟಗೆ ಹಾರುವುದಿಲ್ಲ.

ಹಾಗಾದರೆ ಇಡೀ ಪ್ರದರ್ಶನವನ್ನು ನೋಡುವುದು ಹೇಗೆ? ನಾನು ಹೊಸಬರಿಗೆ ಹೇಳಿಕೊಡುವುದು ಒಂದೇ ಸಂಗತಿ. ವೇಗ, ಎತ್ತರ ಎರಡೂ ಪೈಲಟ್‌ನ ಜೇಬಿನ ದುಡ್ಡು. ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳಬಹುದು. ಗಂಟೆಗೆ 900 ಕಿ.ಮೀ. ವೇಗದಲ್ಲಿರುವ ಜೆಟ್ ಆ ವೇಗವನ್ನೆಲ್ಲ ಎತ್ತರಕ್ಕೆ ಬದಲಾಯಿಸಿಕೊಂಡರೆ, ಗಾಳಿಯ ತಡೆಯನ್ನೂ ಇಂಜಿನಿನ ಬಲವನ್ನೂ ಬದಿಗಿಟ್ಟು ಲೆಕ್ಕ ಹಾಕಿದರೆ, ಸುಮಾರು 3 ಕಿ.ಮೀ. ಮೇಲೇರಬಹುದು. ಅದೇ ಜೆಟ್ 220 ಕಿ.ಮೀ. ವೇಗದಲ್ಲಿದ್ದರೆ ಜೇಬಿನಲ್ಲಿರುವುದು 200 ಮೀಟರಿಗೂ ಕಡಿಮೆ. ನಿಮ್ಮ ಮಗಳು ಹೆದರಿದ್ದು ಜೇಬು ಹೆಚ್ಚುಕಡಿಮೆ ಖಾಲಿಯಾಗಿದ್ದ ಕ್ಷಣದಲ್ಲಿ. ಅವಳ ಹೆದರಿಕೆ ಸರಿಯಾಗಿಯೇ ಇತ್ತು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಗೊಂದಲವಾಗಿ ಕಂಡದ್ದಕ್ಕೆಲ್ಲ ಒಂದು ಎಳೆ ಸಿಗುತ್ತದೆ. ಜೆಟ್ ನೆಲದ ಹತ್ತಿರ ಜೋರಾಗಿ ಬಂದರೆ ಅದು ಗಳಿಕೆ ತುಂಬಿಸಿಕೊಂಡು ಬರುತ್ತಿದೆ, ಮುಂದೇನೋ ದೊಡ್ಡದಿದೆ ಎಂದು ತಿಳಿಯಿರಿ. ನೇರ ಮೇಲೇರಿತೋ, ವೇಗ ಕೊಟ್ಟು ಎತ್ತರ ಕೊಂಡಿತು. ಬಿಗಿಯಾಗಿ ಒಂದು ಸುತ್ತು ಹೊಡೆದರೆ ಸುಮ್ಮನೆ ನೋಡಬೇಡಿ, ಗಡಿಯಾರ ಹಿಡಿದು ಎಣಿಸಿ. ಒಳ್ಳೆಯ ಯುದ್ಧವಿಮಾನ ಪೂರ್ತಿ ಸುತ್ತನ್ನು ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ ಸುತ್ತು ಮುಗಿದ ಮೇಲೆ ಇದೆ: ಹೊರಟಾಗಿನ ವೇಗ, ಎತ್ತರ ಎರಡೂ ಹಾಗೆಯೇ ಉಳಿದಿವೆಯೇ? ಮೊದಲ ಅರ್ಧ ಸುತ್ತು ಗಿರ್ರನೆ ತಿರುಗಿ ಆಮೇಲೆ ಸುಸ್ತಾಗುವ ವಿಮಾನವಿದೆ, ಕೊನೆಯವರೆಗೂ ಒಂದೇ ಬಿಗಿಯಲ್ಲಿ ತಿರುಗುವ ವಿಮಾನವಿದೆ. ಎರಡು ಪ್ರದರ್ಶನ ಎಣಿಸಿದ ಮೇಲೆ ಈ ವ್ಯತ್ಯಾಸ ಮಗಳಿಗೇ ಹೊಳೆಯುತ್ತದೆ.

ಆ ಸುತ್ತಿನ ಹೊತ್ತಿನಲ್ಲಿ ಒಳಗೆ ಕೂತವನ ಪಾಡನ್ನೂ ನೆನೆಯಿರಿ. ತಲೆ ಮತ್ತು ಹೆಲ್ಮೆಟ್ ಸೇರಿ ಆರೂವರೆ ಕೆಜಿ ಎಂದಿಟ್ಟುಕೊಳ್ಳೋಣ. 8 ಜಿ, ಅಂದರೆ ಭೂಮಿಯ ಸೆಳೆತದ ಎಂಟು ಪಟ್ಟು ಬಲ ಬಂದಾಗ ಅದೇ ಕುತ್ತಿಗೆಯ ಮೇಲೆ 52 ಕೆಜಿ, ಒಂದು ಸಿಮೆಂಟ್ ಚೀಲಕ್ಕಿಂತ ಹೆಚ್ಚು. ರಕ್ತ ಕಾಲಿಗೆ ಇಳಿಯಲು ನೋಡುತ್ತದೆ. ಅದನ್ನು ತಡೆಯಲು ಜಿ-ಸೂಟ್ ಎಂಬ ಉಡುಪು ತೊಡೆ, ಮೀನಖಂಡ, ಹೊಟ್ಟೆಯನ್ನು ಗಾಳಿ ತುಂಬಿ ಹಿಂಡುತ್ತಿರುತ್ತದೆ. ಅದು ಸಾಲದೆಂದು ಪೈಲಟ್ ತಾನೂ ಮೈಯನ್ನೆಲ್ಲ ಬಿಗಿಹಿಡಿದು ಉಸಿರನ್ನು ತುಂಡುತುಂಡಾಗಿ ಬಿಡುತ್ತಾನೆ. ಸುತ್ತು ಮುಗಿಸಿ ಇಳಿದು ಬಂದವರ ಬೆನ್ನು ಫೆಬ್ರವರಿಯ ಬೆಳಗಿನ ಚಳಿಯಲ್ಲೂ ಒದ್ದೆಯಾಗಿರುವುದನ್ನು ನಾನು ಕಂಡಿದ್ದೇನೆ.

ಲೂಪ್, ಅಂದರೆ ಆಕಾಶದಲ್ಲಿ ನಿಲ್ಲಿಸಿದ ಚಕ್ರದಂತೆ ಮೇಲೇರಿ ಕೆಳಗಿಳಿಯುವ ಸುತ್ತು ಹೊಡೆಯುವಾಗ ನೆತ್ತಿಯ ತುದಿಯನ್ನು ಗಮನಿಸಿ. ಅಲ್ಲಿ ವಿಮಾನ ತಲೆಕೆಳಗಾಗಿದೆ, ವೇಗ ಕರಗಿದೆ. ಪೈಲಟ್ ಅಲ್ಲಿ ಎರಡು ಅಂಕಿ ನೋಡುತ್ತಾನೆ: ಎತ್ತರ ಮತ್ತು ವೇಗ. ಮೊದಲೇ ಗೊತ್ತುಮಾಡಿಕೊಂಡ ಎತ್ತರ ಸಿಕ್ಕಿರದಿದ್ದರೆ ಕೆಳಕ್ಕೆ ಎಳೆಯದೆ ಅಲ್ಲೇ ಉರುಳಿ ನೆಟ್ಟಗಾಗಿ ಹೊರಬರಬೇಕು. 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರ್‌ಹ್ಯಾಮ್‌ನಲ್ಲಿ ಹಳೆಯ ಹಂಟರ್ ಜೆಟ್ಟೊಂದು ತುದಿಯಲ್ಲಿ ಬೇಕಾದಷ್ಟು ಎತ್ತರ ಗಳಿಸದೆ ಕೆಳಗೆ ತಿರುಗಿತು. ರಸ್ತೆಯ ಮೇಲೆ ಬಿದ್ದು 11 ಜನ ಸತ್ತರು. ಹಾಗಾಗಿ ಯಾವನಾದರೂ ಪೈಲಟ್ ಲೂಪನ್ನು ಅರ್ಧಕ್ಕೆ ಬಿಟ್ಟು ನೆಟ್ಟಗೆ ಹೊರಟುಹೋದರೆ ಸುತ್ತಲಿನವರು "ಅಯ್ಯೋ, ಆಗಲಿಲ್ಲ" ಅನ್ನಬಹುದು. ನೀವು ಮಾತ್ರ ಚಪ್ಪಾಳೆ ತಟ್ಟಿ. ಆ ದಿನದ ಅತ್ಯುತ್ತಮ ನಿರ್ಧಾರ ಅದೇ ಆಗಿರುತ್ತದೆ.

ಯಲಹಂಕದಲ್ಲಿ ಈ ಲೆಕ್ಕ ಇನ್ನೂ ಬಿಗಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಫೆಬ್ರವರಿಯ ಮಧ್ಯಾಹ್ನ ಉಷ್ಣಾಂಶ 30 ಡಿಗ್ರಿ ಮುಟ್ಟಿತೆಂದರೆ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಿತ ಗಾಳಿಗಿಂತ ಸುಮಾರು ಶೇ. 15ರಷ್ಟು ಕಡಿಮೆ. ರೆಕ್ಕೆಗೆ ಹಿಡಿತ ಕಡಿಮೆ, ಇಂಜಿನಿಗೆ ಉಸಿರು ಕಡಿಮೆ. ಕರಾವಳಿಯ ನೆಲೆಯಲ್ಲಿ ಹೊಡೆದ ಲೂಪನ್ನೇ ಇಲ್ಲಿ ಹೊಡೆಯಬೇಕಾದರೆ ಹೆಚ್ಚು ಜಾಗ ಬೇಕು. ನನ್ನನ್ನು ಕೇಳಿದರೆ ಬೆಳಗಿನ ಹಾರಾಟವೇ ಚೆಂದ. ಗಾಳಿ ತಂಪಾಗಿ ದಟ್ಟವಾಗಿರುತ್ತದೆ. ರೆಕ್ಕೆಯ ಮೇಲೆ ಬಿಳಿಯ ಆವಿ ಮೂಡುವ ದೃಶ್ಯ ಸಿಕ್ಕರೆ ಬೆಳಗ್ಗೆಯೇ ಸಿಗುತ್ತದೆ. ಆ ಬಿಳಿಮೋಡವನ್ನು ನೋಡಿ "ಶಬ್ದದ ಗೋಡೆ ಒಡೆಯಿತು" ಎನ್ನುವವರು ಪಕ್ಕದಲ್ಲಿ ಒಬ್ಬರಾದರೂ ಇರುತ್ತಾರೆ. ಅದು ಹಾಗಲ್ಲ. ರೆಕ್ಕೆಯ ಮೇಲ್ಗಡೆ ಒತ್ತಡ ತಟ್ಟನೆ ಇಳಿದು, ಗಾಳಿ ತಣ್ಣಗಾಗಿ, ಅದರೊಳಗಿನ ತೇವ ಒಂದು ಕ್ಷಣ ಮಂಜಾಗುತ್ತದೆ, ಅಷ್ಟೇ. ಜನರ ಮೇಲೆ ಶಬ್ದಕ್ಕಿಂತ ವೇಗವಾಗಿ ಯಾರೂ ಹಾರುವುದಿಲ್ಲ. ಹಾರಿದರೆ ಏನಾಗುತ್ತದೆಂದು 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿದ್ದವರು ಹೇಳುತ್ತಾರೆ. ವಾಯುಪಡೆಯ ಪರೀಕ್ಷಾ ಹಾರಾಟವೊಂದು 36,000 ಅಡಿಗಿಂತ ಮೇಲೆ ಶಬ್ದವನ್ನು ಮೀರಿದ ತನ್ನ ವೇಗವನ್ನು ತಗ್ಗಿಸುತ್ತಿದ್ದಾಗ ಬಂದ ಸದ್ದಿಗೆ ಕಿಟಕಿಗಳು ನಡುಗಿ, ಭೂಕಂಪವೆಂದು ಜನ ಹೊರಗೆ ಓಡಿಬಂದಿದ್ದರು.

ಇನ್ನು ಸದ್ದು ಬಂದ ಕಡೆ ವಿಮಾನವಿಲ್ಲದಿರುವ ನಿಮ್ಮ ತೊಂದರೆ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. 900 ಕಿ.ಮೀ. ವೇಗದ ಜೆಟ್ ಆ ಮೂರು ಸೆಕೆಂಡಿನಲ್ಲಿ ಮುಕ್ಕಾಲು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಉಪಾಯ ಹೀಗಿದೆ. ಕೈಯನ್ನು ಪೂರ್ತಿ ಚಾಚಿ, ಬೆರಳುಗಳನ್ನು ಅಗಲಿಸಿ ಆಕಾಶಕ್ಕೆ ಹಿಡಿಯಿರಿ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಒಂದು ಗೇಣು. ಸದ್ದು ಎಲ್ಲಿಂದ ಬಂತೋ ಅಲ್ಲಿಂದ ವಿಮಾನ ಹೋಗುವ ದಿಕ್ಕಿಗೆ ಎರಡು ಗೇಣು ಮುಂದೆ ನೋಡಿ. ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಮಕ್ಕಳಿಗೆ ಇದು ತುಂಬ ಬೇಗ ಕೂಡಿಬರುತ್ತದೆ. ಇನ್ನೊಂದು, ಯಲಹಂಕದ ರನ್‌ವೇ ಪೂರ್ವ-ಪಶ್ಚಿಮವಾಗಿದೆ. ಜೆಟ್‌ಗಳು ಬಹುಮಟ್ಟಿಗೆ ಅದರ ಉದ್ದಕ್ಕೇ, ನಿಮ್ಮೆದುರು ಅಡ್ಡಡ್ಡ ಹಾಯುತ್ತವೆ. ಕಾಮೆಂಟರಿಯವರು ಯಾವ ಕಡೆಯಿಂದ ಅಂದರೋ ಆ ದಿಗಂತದಂಚಿನಲ್ಲಿ ಮೊದಲೇ ಕಣ್ಣು ನೆಟ್ಟಿರಿ. ದೂರದಲ್ಲಿ ಮೊದಲು ಸದ್ದಿಲ್ಲದ ಒಂದು ಕಪ್ಪು ಚುಕ್ಕಿ, ಅದರ ಹಿಂದೆ ತೆಳ್ಳನೆಯ ಹೊಗೆ ಕಾಣುತ್ತದೆ.

ಟೇಕಾಫ್ ಬಿಡಬೇಡಿ. ಆಫ್ಟರ್‌ಬರ್ನರ್ ಹೊತ್ತಿಕೊಂಡಾಗ ಹಿಂದಿನ ಜ್ವಾಲೆಯೊಳಗೆ ಹೊಳೆಯುವ ತುಂಡುಗಳು ಮಣಿ ಪೋಣಿಸಿದಂತೆ ಸಾಲಾಗಿ ಕಾಣುತ್ತವೆ. ಇಂಜಿನಿನಿಂದ ಹೊರಬರುವ ಬಿಸಿಗಾಳಿಗೇ ಮತ್ತೆ ಇಂಧನ ಸುರಿದು ಉರಿಸುವುದು ಅದರ ಕೆಲಸ. ತೇಜಸ್‌ನ ಇಂಜಿನಿನಲ್ಲಿ ಇದರಿಂದ ನೂಕುಬಲ ಸುಮಾರು ಒಂದೂವರೆ ಪಟ್ಟಾಗುತ್ತದೆ, ಇಂಧನದ ಖರ್ಚು ಅದಕ್ಕಿಂತ ಎಷ್ಟೋ ಹೆಚ್ಚು ಪಟ್ಟು ಏರುತ್ತದೆ. ಒಂಟಿ ಜೆಟ್‌ನ ಆಟ ಕೆಲವೇ ನಿಮಿಷಕ್ಕೆ ಮುಗಿಯುವುದಕ್ಕೆ ಇದೂ ಒಂದು ಕಾರಣ.

ಗುಂಪು ಹಾರಾಟವನ್ನು ನೋಡುವ ಬಗೆ ಬೇರೆ. ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣ ನಮ್ಮ ಬೀದರಿನದು, 1996ರಲ್ಲಿ ಅಲ್ಲೇ ಹುಟ್ಟಿದ್ದು. ಮೊದಲು ಹಾರಿಸುತ್ತಿದ್ದುದು ಎಚ್‌ಎಎಲ್‌ನ ಕಿರಣ್ ಜೆಟ್, ಈಗ ಹಾಕ್ ಜೆಟ್. ಒಂಬತ್ತು ವಿಮಾನ, ನಡುವೆ ಐದು ಮೀಟರಿಗಿಂತ ಕಡಿಮೆ ಅಂತರ. ಎಲ್ಲರೂ ಮುಂದಾಳುವಿನ ವಿಮಾನವನ್ನೇ ನೋಡುತ್ತಾರೆ. ನೀವು ತುದಿಯವನನ್ನು ನೋಡಿ. ತಂಡ ತಿರುಗುವಾಗ ಹೊರತುದಿಯವನು ದೊಡ್ಡ ವೃತ್ತ ಸುತ್ತಬೇಕು, ಅಂದರೆ ಹೆಚ್ಚು ಶಕ್ತಿ ಕೊಡಬೇಕು. ಒಳತುದಿಯವನು ಅದೇ ಕ್ಷಣದಲ್ಲಿ ಕಡಿಮೆ ಮಾಡಬೇಕು. ಅವರಿಬ್ಬರೂ ನೆಲವನ್ನು ನೋಡುತ್ತಿರುವುದಿಲ್ಲ, ಮುಂದಾಳುವಿನ ವಿಮಾನದ ಮೇಲಿನ ಗುರುತುಗಳನ್ನು ಒಂದಕ್ಕೊಂದು ಹೊಂದಿಸಿಕೊಂಡು ಅಷ್ಟನ್ನೇ ನೋಡುತ್ತಿರುತ್ತಾರೆ. ನೆಲ ಎಲ್ಲಿದೆ ಎಂಬ ಹೊಣೆ ಮುಂದಾಳು ಒಬ್ಬನದೇ.

ಅಪಾಯದ ಮಾತಿಗೆ ಬರುತ್ತೇನೆ. ಇಲ್ಲ ಎಂದರೆ ಸುಳ್ಳಾಗುತ್ತದೆ. 1988ರ ಆಗಸ್ಟ್ 28ರಂದು ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿಯ ತಂಡದ ಮೂರು ವಿಮಾನಗಳು ಡಿಕ್ಕಿಯಾದವು. ಒಂದು ನೋಡುಗರತ್ತ ಹಾರಿಬಂದು, ಒಟ್ಟು 70 ಜನ ಸತ್ತರು. ಜನರ ದಿಕ್ಕಿಗೆ ಮುಖಮಾಡಿ ಕಸರತ್ತು ಮಾಡಬಾರದೆಂಬ ನಿಯಮ ಹಲವು ದೇಶಗಳಲ್ಲಿ ಗಟ್ಟಿಯಾದದ್ದು ಅದಾದ ಮೇಲೆ. ಜೆಟ್‌ಗಳು ನಿಮ್ಮ ಕಡೆ ಬಾರದೆ ಅಡ್ಡಡ್ಡ ಹೋಗುವುದು, ಅಷ್ಟು ದೂರ ಇರುವುದು ಅದಕ್ಕೇ. "ಇನ್ನೂ ಹತ್ತಿರ ಬರಬಾರದಿತ್ತೇ" ಅನ್ನಿಸಿದಾಗ ಇದು ನೆನಪಿರಲಿ. ಇಂದು ಬಹುಪಾಲು ಅಪಾಯ ಪೈಲಟ್‌ನ ಮೇಲೆಯೇ ಉಳಿದಿದೆ. 2019ರ ಫೆಬ್ರವರಿ 19ರಂದು, ಏರೋ ಇಂಡಿಯಾ ಉದ್ಘಾಟನೆಯ ಹಿಂದಿನ ದಿನ, ಯಲಹಂಕದಲ್ಲಿ ಅಭ್ಯಾಸ ಮಾಡುತ್ತಿದ್ದ ಸೂರ್ಯಕಿರಣದ ಎರಡು ಹಾಕ್‌ಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. 2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ತೇಜಸ್ ಬಿದ್ದು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಹೋದರು. ಆ ದಿನ ರಾತ್ರಿ ನನಗೆ ಊಟ ಸೇರಲಿಲ್ಲ. ಮಗಳಿಗೆ ಈ ಹೆಸರುಗಳನ್ನು ಹೇಳಿ. ಹನ್ನೊಂದರ ಮಗುವಿಗೆ ಅರ್ಥವಾಗುವ ಸಂಗತಿಯೇ ಇದು.

ಆ ನಿಧಾನದ ಹಾರಾಟಕ್ಕೂ ಯಲಹಂಕದ ಮಾಂಸದಂಗಡಿಗಳಿಗೂ ಇರುವ ಸಂಬಂಧವನ್ನೂ ಹೇಳಿಬಿಡುತ್ತೇನೆ. 1989ರ ಜೂನ್ 8ರಂದು ಪ್ಯಾರಿಸ್ ಏರ್ ಶೋನಲ್ಲಿ ಅನಾತೊಲಿ ಕ್ವೊಚುರ್ ಮಿಗ್-29ನ್ನು ಹೀಗೆಯೇ ಮೂತಿ ಎತ್ತಿ ನಿಧಾನಕ್ಕೆ ತರುತ್ತಿದ್ದಾಗ ಹಕ್ಕಿಯೊಂದು ಇಂಜಿನಿಗೆ ಸಿಕ್ಕಿತು. ಒಂದು ಇಂಜಿನ್ ಸೊರಗಿದ ಕೂಡಲೇ ವಿಮಾನ ಮಗುಚಿಕೊಂಡು ನೆಲಕ್ಕೆ ಬಿತ್ತು. ಬೀಳುವುದಕ್ಕೆ ಎರಡು ಮೂರು ಸೆಕೆಂಡು ಮೊದಲು ಆಸನ ಸಮೇತ ಹೊರಗೆ ಹಾರಿದ ಅವರು ಬದುಕಿಕೊಂಡರು. ಜೇಬು ಖಾಲಿ ಇದ್ದಾಗ ಒಂದು ಹಕ್ಕಿಯೂ ಸಾಕು. 2025ರಲ್ಲಿ ಯಲಹಂಕ ವಾಯುನೆಲೆಯ ಸುತ್ತ 13 ಕಿ.ಮೀ. ಒಳಗೆ ಜನವರಿ 23ರಿಂದ ಫೆಬ್ರವರಿ 17ರವರೆಗೆ ಮಾಂಸ ಮಾರಾಟ ನಿಲ್ಲಿಸಿದ್ದು ಇದೇ ಕಾರಣಕ್ಕೆ. ಹೊರಗೆ ಬಿಸಾಡಿದ ಚೂರುಗಳಿಗೆ ಹದ್ದುಗಳು ಬರುತ್ತವೆ, ಅವು ಸುತ್ತುವುದು ಜೆಟ್‌ಗಳು ಹಾರುವ ಎತ್ತರದಲ್ಲೇ. ಅಂಗಡಿಯವರ ದುಡಿಮೆಗೆ ಇದು ದೊಡ್ಡ ಪೆಟ್ಟು, ಅದು ನನಗೆ ಗೊತ್ತು. ಅವರಿಗೆ ಪರಿಹಾರ ಸಿಗಬೇಕೆಂದು ನಾನು ಎಂದಿನಿಂದಲೂ ಹೇಳುತ್ತ ಬಂದಿದ್ದೇನೆ.

ನೋಡುಗರಿಗೆ ನಿಜವಾಗಿ ತೊಂದರೆ ಕೊಡುವುದು ಬಿಸಿಲು ಮತ್ತು ಸದ್ದು. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾ ತೀರದಲ್ಲಿ ವಾಯುಪಡೆಯ ಪ್ರದರ್ಶನ ನೋಡಲು ಬಂದವರಲ್ಲಿ ಐವರು ಬಿಸಿಲು, ನೂಕುನುಗ್ಗಲಿನ ನಡುವೆ ಪ್ರಾಣ ಬಿಟ್ಟರು. ತಲೆಗೆ ಅಗಲ ಅಂಚಿನ ಟೋಪಿ, ಕುಡಿಯಲು ನೀರು ಮಜ್ಜಿಗೆ, ನಡುನಡುವೆ ನೆರಳು. ಯಾವುದನ್ನು ಒಳಗೆ ಬಿಡುತ್ತಾರೆಂದು ಆ ವರ್ಷದ ಸೂಚನೆ ಓದಿಕೊಂಡು ಹೊರಡಿ. ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. 2019ರಲ್ಲಿ ಪಾರ್ಕಿಂಗ್ ಜಾಗಕ್ಕೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟುಹೋದವು.

ಕಿವಿಯ ವಿಷಯದಲ್ಲಿ ರಿಯಾಯಿತಿ ಬೇಡ. ನನ್ನ ಎಡಗಿವಿ ಈಗ ಅರ್ಧ ಮಾತ್ರ ಕೇಳಿಸುತ್ತದೆ. ಚಿಕ್ಕ ವಯಸ್ಸಿನಲ್ಲಿ "ನನಗೇನಾಗುತ್ತೆ" ಅಂದುಕೊಂಡಿದ್ದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಸಾಕು, ಆದರೆ ಸುಮ್ಮನೆ ತುರುಕಿದರೆ ಉಪಯೋಗವಿಲ್ಲ. ಎರಡು ಬೆರಳ ನಡುವೆ ಹೊಸೆದು ಬತ್ತಿಯಷ್ಟು ಸಣ್ಣ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡಿಯಿರಿ. ಆಗ ಕಿವಿಯ ದಾರಿ ನೆಟ್ಟಗಾಗುತ್ತದೆ. ಪ್ಲಗ್ ಒಳಗಿಟ್ಟು, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ನಿಮ್ಮ ದನಿ ನಿಮಗೇ ಗುಂಯ್ ಎಂದು ಒಳಗಿನಿಂದ ಕೇಳಿಸಿದರೆ ಸರಿಯಾಗಿ ಕೂತಿದೆ. ಮಗಳಿಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಒಳ್ಳೆಯದು. ಕೈಗೂಸುಗಳನ್ನು ದಯವಿಟ್ಟು ಯಾರೂ ಕರೆತರಬೇಡಿ.

ಎಲ್ಲಿ ನಿಲ್ಲಬೇಕು? ಫೆಬ್ರವರಿಯ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ರನ್‌ವೇಗೆ ಮುಖಮಾಡಿದಾಗ ನೀವು ದಕ್ಷಿಣಕ್ಕೆ ತಿರುಗಿದ್ದರೆ ನಡುಹಗಲಲ್ಲಿ ಜೆಟ್‌ಗಳು ಬರೀ ಕಪ್ಪು ನೆರಳಾಗಿ ಕಾಣುತ್ತವೆ. ಹಾಗಿದ್ದರೆ ಬೆಳಗ್ಗೆ ಬೇಗ ಹೋಗಿ. ಸೂರ್ಯನತ್ತ ಬೈನಾಕ್ಯುಲರ್ ತಿರುಗಿಸಬಾರದೆಂದು ಮಗಳಿಗೆ ಮೊದಲೇ ಹೇಳಿಡಿ. ಮುಂದಿನ ಬೇಲಿಗೆ ಅಂಟಿಕೊಳ್ಳುವುದಕ್ಕಿಂತ ಸ್ವಲ್ಪ ಹಿಂದೆ, ಎರಡೂ ದಿಗಂತ ಕಾಣುವ ಕಡೆ ನಿಲ್ಲುವುದು ಮೇಲು. ಸಾರ್ವಜನಿಕರಿಗೆ ಸಾಮಾನ್ಯವಾಗಿ ಕೊನೆಯ ದಿನಗಳಲ್ಲಿ ಪ್ರವೇಶ, ಜನಸಂದಣಿಯೂ ಆಗಲೇ ಹೆಚ್ಚು. ಯಲಹಂಕದಲ್ಲಿ ನೆಂಟರಿದ್ದರೆ ಅದಕ್ಕೂ ಮೊದಲಿನ ಅಭ್ಯಾಸದ ದಿನಗಳಲ್ಲಿ ಅವರ ಮನೆಯ ತಾರಸಿಯೇ ಒಳ್ಳೆಯ ಜಾಗ. ಬಳ್ಳಾರಿ ರಸ್ತೆಯಲ್ಲಿ ಮಾತ್ರ ಗಾಡಿ ನಿಲ್ಲಿಸಿ ನೋಡಬೇಡಿ.

ಫೋಟೋ ಬಗ್ಗೆ ನೀವು ಕೇಳಿಲ್ಲ, ಒಳ್ಳೆಯದೇ ಆಯಿತು. ಮೊಬೈಲ್ ಪರದೆಯಲ್ಲಿ ಜೆಟ್ ಹುಡುಕುವಷ್ಟರಲ್ಲಿ ಅದು ಹೋಗಿರುತ್ತದೆ.

ಕಸರತ್ತು ಮುಗಿಯುತ್ತಲೇ ಜನ ನೀರಿನ ಕಡೆ ಹೊರಡುತ್ತಾರೆ. ನೀವಿಬ್ಬರೂ ಅಲ್ಲೇ ಇರಿ, ತೇಜಸ್ ಇಳಿಯುವುದನ್ನು ನೋಡಿ. ಹಿಂಗಾಲಿನ ಚಕ್ರಗಳು ನೆಲ ಮುಟ್ಟಿ ಸಣ್ಣಗೆ ಹೊಗೆ ಎದ್ದ ಮೇಲೂ ಮೂತಿ ಕೆಳಗಿಳಿಯದೆ ಸ್ವಲ್ಪ ದೂರ ಎತ್ತಿಕೊಂಡೇ ಓಡುತ್ತದೆ. ಗಾಳಿಯಲ್ಲಿ ಅಷ್ಟು ಇಂಜಿನ್ ಬಲ ಬೇಡಿದ್ದ ಅದೇ ಓರೆಯನ್ನು ಪೈಲಟ್ ಈಗ ಬ್ರೇಕಾಗಿ ಬಳಸುತ್ತಿದ್ದಾನೆ. ಇಂಜಿನ್ ಸದ್ದು ಹೆಚ್ಚುಕಡಿಮೆ ಇರುವುದೇ ಇಲ್ಲ. ಆ ಮೂತಿಯನ್ನು ಮಗಳಿಗೆ ತೋರಿಸಿ, ಅದು ಇಳಿಯುವ ಕ್ಷಣ ಯಾವಾಗ ಬರುತ್ತದೆಂದು ಅವಳೇ ಹೇಳಲಿ. ಇಳಿದ ಮೇಲೆ ಹಿಂದೆ ಬಿರಿಯುವ ಪ್ಯಾರಾಚೂಟಿಗಾಗಿ ಕಾಯಿರಿ.